ಓತಿ ಹಾರಿಹೋದದ್ದೇ ಒಳ್ಳೆಯದಾಯಿತು

ಪಾಂಡವಪುರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ, ಮಕ್ಕಳು ಪಠ್ಯದ ಹೊರಗೆ ತಾವಾಗಿಯೇ ಓದಿದ ಕತೆ, ಕಾದಂಬರಿಗಳ ಬಗ್ಗೆ ಬರೆದಿಡಲು ಒಂದು ಉದ್ದನೆಯ ನೋಟ್‌ಬುಕ್ ಇದೆ. ಗ್ರಂಥಾಲಯವೆಂದು ಕರೆಯಲಾಗುವ ಬೀರುವಿನ ಬಾಗಿಲಿಗೆ ಅದನ್ನು ದಾರದಿಂದ ಕಟ್ಟಿ ಇಟ್ಟಿದ್ದೇವೆ. ಅದರಲ್ಲಿ ಬರೆದದ್ದಕ್ಕೆ ಅಂಕವಿಲ್ಲ, ಕೆಂಪು ಶಾಯಿಯ ತಿದ್ದುಪಡಿಯಿಲ್ಲ. ಎಡಪುಟ ಓದಿದವರದು, ಬಲಪುಟ ಅದಕ್ಕೆ ಉತ್ತರ ಕೊಡಬಯಸುವವರದು. ಕನ್ನಡ ಶಿಕ್ಷಕಿಯಾದ ನಾನೂ ಉತ್ತರ ಕೊಡುವವರಲ್ಲಿ ಒಬ್ಬಳು. ಆ ನೋಟ್‌ಬುಕ್ಕನ್ನು ಓದುತ್ತಾ ಬಂದಂತೆ ನನಗೆ ದೃಢವಾಗಿರುವ ಅಭಿಪ್ರಾಯವೆಂದರೆ, ಹದಿಹರೆಯದವರ ಪ್ರತಿಕ್ರಿಯೆಯನ್ನು ಪರೀಕ್ಷೆಯ ಉತ್ತರದಿಂದ ಬಿಡಿಸದ ಹೊರತು ಅವರು ಏನನ್ನು ಓದಿದರೆಂಬುದು ನಮಗೆ ತಿಳಿಯುವುದೇ ಇಲ್ಲ.

ಮೊದಲ ಪುಟಗಳನ್ನು ತಿರುವಿದರೆ ಎಲ್ಲವೂ ಒಂದೇ ಕೈಬರಹದವೇನೋ ಎನ್ನಿಸುತ್ತದೆ. ‘ಈ ಕಾದಂಬರಿಯು ಸಮಾಜಕ್ಕೆ ಉತ್ತಮ ಸಂದೇಶವನ್ನು ನೀಡುತ್ತದೆ’ ಎಂಬ ವಾಕ್ಯ ಪುಟಪುಟದಲ್ಲೂ ಕಾಣಸಿಗುತ್ತದೆ. ಇದಕ್ಕೆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಹತ್ತನೆಯ ತರಗತಿಯ ಪ್ರಥಮ ಭಾಷೆಯ 125 ಅಂಕಗಳಲ್ಲಿ ನೂರು ಅಂಕ ಲಿಖಿತ ಪರೀಕ್ಷೆಗೇ ಮೀಸಲಾಗಿರುವಾಗ, ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ’ ಎಂಬ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಮೆಟ್ಟಿಲುಗಳಲ್ಲಿ ಉತ್ತರ ಬರೆಯಲು ನಾವೇ ಅವರ ಕೈಯನ್ನು ಪಳಗಿಸಿರುತ್ತೇವೆ. ಹಾಗೆ ಪಳಗಿದ ಕೈ ಸ್ವಂತ ಓದಿನ ಬಗ್ಗೆ ಬರೆಯುವಾಗಲೂ ಸ್ವಾರಸ್ಯವನ್ನೇ ಹುಡುಕುತ್ತದೆ. ಬೇಸರವನ್ನೋ ಸಿಟ್ಟನ್ನೋ ಬರೆಯಬಹುದೆಂಬುದು ಅದಕ್ಕೆ ಹೊಳೆಯುವುದಿಲ್ಲ.

ಇನ್ನೊಂದು ತೊಡಕು ಬೀರುವಿನೊಳಗೇ ಇದೆ. ಕನ್ನಡದಲ್ಲಿ ಚಿಕ್ಕಮಕ್ಕಳ ಪುಸ್ತಕಗಳು ಸಾಕಷ್ಟಿವೆ, ದೊಡ್ಡವರ ಕಾದಂಬರಿಗಳಿಗೆ ಕೊರತೆಯಿಲ್ಲ. ಹದಿಮೂರರಿಂದ ಹದಿನಾರರ ವಯಸ್ಸಿನವರಿಗೆಂದೇ ಬರೆದವು ಮಾತ್ರ ಬೆರಳೆಣಿಕೆಯಷ್ಟು. ಮೈಸೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ನನ್ನ ಅಕ್ಕನ ಮಗಳು ತನ್ನ ವಯಸ್ಸಿನ ನಾಯಕಿಯರಿರುವ ಇಂಗ್ಲಿಷ್ ಸರಣಿಗಳನ್ನು ಒಂದಾದ ಮೇಲೊಂದರಂತೆ ಮುಗಿಸುತ್ತಾಳೆ. ನಮ್ಮ ಮಕ್ಕಳಾದರೋ ಪಂಚತಂತ್ರದಿಂದ ನೇರವಾಗಿ ದೊಡ್ಡವರ ಪುಸ್ತಕಕ್ಕೆ ಜಿಗಿಯಬೇಕು. ಹಾಗೆ ಜಿಗಿದವರು ಹೆಚ್ಚಾಗಿ ಹಿಡಿಯುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು. 1980ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಹದಿಹರೆಯದವರಿಗೆಂದು ಬರೆದದ್ದಲ್ಲ, ಆದರೆ ಅವರು ಅದನ್ನು ತಮ್ಮದಾಗಿಸಿಕೊಂಡುಬಿಟ್ಟಿದ್ದಾರೆ.

ಅದರ ಕೊನೆಯಲ್ಲಿ, ಅಷ್ಟು ಪಾಡುಪಟ್ಟು ಹುಡುಕಿದ ಹಾರುವ ಓತಿ ಎಲ್ಲರ ಕಣ್ಣೆದುರಿನಲ್ಲೇ ಕಣಿವೆಗೆ ಹಾರಿ ಮರೆಯಾಗುತ್ತದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದು ಮೋಸವೆಂದೂ, ಇಷ್ಟು ಪುಟ ಓದಿಸಿ ಕೊನೆಗೆ ಕೈಗೆ ಏನೂ ಕೊಡಲಿಲ್ಲವೆಂದೂ ಬರೆದ. ಅದನ್ನು ಓದಿದ ಹುಡುಗಿಯೊಬ್ಬಳು ಬಲಪುಟದಲ್ಲಿ ಬರೆಯುವಷ್ಟೂ ತಾಳ್ಮೆಯಿಲ್ಲದೆ ನನ್ನ ಬಳಿಗೇ ಬಂದು, “ಮಿಸ್, ಸಿಕ್ಕಿದ್ರೆ ಅದ್ನ ಬಾಟ್ಲಿಗ್ ಹಾಕ್ಬುಡೋರು. ಹಾರೋದ್ದೇ ಒಳ್ಳೇದಾಯ್ತು ಬುಡಿ” ಎಂದಳು. ಅದನ್ನೇ ಬರೆ ಎಂದು ಪೆನ್ನು ಕೊಟ್ಟೆ. ಇಬ್ಬರ ಮಾತಿನಲ್ಲೂ ಸಂದೇಶವೆಂಬ ಪದವಿಲ್ಲ. ಇಬ್ಬರೂ ಕಾದಂಬರಿಯ ಅಂತ್ಯದೊಡನೆ ನೇರವಾಗಿ ಜಗಳಕ್ಕೆ ನಿಂತಿದ್ದಾರೆ.

ಅದೇ ಕಾದಂಬರಿಯ ಬಗ್ಗೆ ಇನ್ನೊಬ್ಬ ಹುಡುಗ ಬರೆದದ್ದು ಎರಡೇ ಸಾಲು: ‘ಮಂದಣ್ಣ ನಮ್ಮ ಶಾಲೆಗೆ ಬಂದಿದ್ದರೆ ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ನಾನು ಅವನ ಪಕ್ಕ ಕೂರುತ್ತಿದ್ದೆ.’ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟಾ ಪ್ರಕೃತಿವಿಜ್ಞಾನಿಯನ್ನು ಕಾಣುತ್ತಾರೆಂಬ ಕಾದಂಬರಿಯ ತಿರುಳನ್ನು ಈ ಹುಡುಗ ಹಿಡಿದ ರೀತಿ ಯಾವ ಗೈಡಿನಲ್ಲೂ ಸಿಗದು. ಹಾಗಾದರೆ ಮಂದಣ್ಣನಂತೆ ನಿನಗೆ ಮಾತ್ರ ಗೊತ್ತಿರುವುದೇನು ಎಂದು ಬಲಪುಟದಲ್ಲಿ ಕೇಳಿದೆ. ಮುಂದಿನ ವಾರ ಅವನು ತನ್ನ ಮಾವನ ಆಲೆಮನೆಯ ಬಗ್ಗೆ ಇಡೀ ಪುಟ ತುಂಬಿಸಿದ್ದ: ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಬಿಟ್ಟು ಕೊಳೆ ತೆಗೆಯುವುದು, ಪಾಕವನ್ನು ತಣ್ಣೀರಿಗೆ ಹಾಕಿ ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವುದು, ಹದ ಮೀರಿದರೆ ಮಾವ ಬೈಯುವ ಬೈಗುಳ (ಅದನ್ನೂ ಬಿಡದೆ ಬರೆದಿದ್ದ).

ಇದೆಲ್ಲ ಕಾದಂಬರಿಗೆ ಸಂಬಂಧಿಸಿದ್ದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಸಾಹಿತ್ಯ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ, ಕೃತಿಯ ಅರ್ಥ ಓದುಗ ಮತ್ತು ಬರಹಗಳ ನಡುವೆ ಹುಟ್ಟುತ್ತದೆಂದು ವಾದಿಸಿದ್ದರು. ಮಾಹಿತಿಯನ್ನು ಹೊತ್ತುಕೊಂಡು ಹೋಗಲು ಓದುವುದು ಬೇರೆ, ಓದುತ್ತಿರುವಾಗ ಆಗುವ ಅನುಭವಕ್ಕಾಗಿ ಓದುವುದು ಬೇರೆ ಎಂದು ಅವರು ಆಮೇಲೆ ವಿಂಗಡಿಸಿದರು. ವಿಷ ಕುಡಿದ ಮಗುವಿನ ತಾಯಿ ಬಾಟಲಿಯ ಚೀಟಿ ಓದುವುದು ಮೊದಲನೆಯ ಬಗೆಗೆ ಅವರು ಕೊಟ್ಟ ಉದಾಹರಣೆ. ನಮ್ಮ ಪ್ರಶ್ನೆಪತ್ರಿಕೆಗಳು ಕಾದಂಬರಿಯನ್ನೂ ಆ ಚೀಟಿಯಂತೆಯೇ ಓದಿಸುತ್ತವೆ. ಆದರೆ ಓದುಗ ಹೇಳಿದ್ದೆಲ್ಲವೂ ಸರಿಯೆಂದು ರೋಸೆನ್‌ಬ್ಲಾಟ್ ಹೇಳಲಿಲ್ಲ. ಪ್ರತಿಕ್ರಿಯೆ ಮತ್ತೆ ಬರಹದ ಬಳಿಗೆ ಬಂದು ತನ್ನನ್ನು ಒರೆಗೆ ಹಚ್ಚಿಕೊಳ್ಳಬೇಕು ಎಂಬುದೂ ಅವರ ನಿಲುವಾಗಿತ್ತು. ಆದ್ದರಿಂದಲೇ ಆಲೆಮನೆಯ ಪುಟದ ಎದುರು, ಮಂದಣ್ಣನಿಗೆ ಇಂಥ ಹದ ಗೊತ್ತಿದೆಯೆಂದು ನಿನಗೆ ಯಾವ ಪುಟದಲ್ಲಿ ಅನ್ನಿಸಿತು ಎಂದು ಮತ್ತೆ ಕೇಳಿದೆ. ಹುಡುಗ ಪುಸ್ತಕವನ್ನು ಎರಡನೆಯ ಸಲ ತೆಗೆದುಕೊಂಡು ಹೋದ.

ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿತ್ತು. ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದು ಶರಾವತಿಯ ಅಣೆಕಟ್ಟಿನಿಂದಾದ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ನಮ್ಮ ಕಡೆಯ ಮಕ್ಕಳು ಅಣೆಕಟ್ಟೆಂದರೆ ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಂದ ಕತೆಯನ್ನಷ್ಟೇ ಕೇಳುತ್ತಾ ಬೆಳೆದವರು. ವಿಶ್ವೇಶ್ವರಯ್ಯನವರ ಪಟವಿಲ್ಲದ ಮನೆಗಳು ಇಲ್ಲಿ ಅಪರೂಪ. ಈ ಪುಸ್ತಕವನ್ನು ಓದಿದ ಎಂಟನೆಯ ತರಗತಿಯ ಹುಡುಗಿ ‘ನಮ್ಮ ಕಟ್ಟೆಯ ನೀರಿನಡಿ ಹೋದ ಊರವರು ಎಲ್ಲಿಗೆ ಹೋದರು?’ ಎಂದು ಬರೆದಿಟ್ಟಳು. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಶಾಲಾ ಪ್ರವಾಸದಲ್ಲಿ ಅವಳೂ ಬಂದಿದ್ದಳು. ಹಿನ್ನೀರಿನಿಂದ ಆ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಕಟ್ಟಿದ್ದೆಂದು ಅಲ್ಲಿ ಹೇಳಿದಾಗ ಯಾರೂ ಊರಿನ ಜನರ ಬಗ್ಗೆ ಕೇಳಿರಲಿಲ್ಲ. ಅವಳ ಪ್ರಶ್ನೆಯ ಕೆಳಗೆ ಈಗ ನಾಲ್ಕೈದು ಕೈಬರಹಗಳಲ್ಲಿ ಅಜ್ಜಿ, ತಾತಂದಿರು ಹೇಳಿದ ಸಂಗತಿಗಳು ಸೇರಿಕೊಂಡಿವೆ. ಕೆಲವು ಒಂದಕ್ಕೊಂದು ಹೊಂದುವುದಿಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ಅವುಗಳ ಜೊತೆ ಗುದ್ದಾಡುತ್ತಿದ್ದಾರೆ.

ಅಮ್ಮನ ಫೋನಿನಲ್ಲಿ ಪ್ರತಿಲಿಪಿ ಎಂಬ ಕತೆಗಳ ಆ್ಯಪ್‌ನ ಧಾರಾವಾಹಿ ಓದುವವರೂ ಇದ್ದಾರೆ. ಅವು ಓದೇ ಅಲ್ಲವೆಂದು ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ. ಮುಂದಿನ ಕಂತಿಗೆ ಕಾಯುವ ಹುಡುಗಿಗೆ ಕತೆಯ ಓಟದ ಬಗ್ಗೆ ಗೊತ್ತಿರುವಷ್ಟು, ಒತ್ತಾಯಕ್ಕೆ ಪುಸ್ತಕ ಹಿಡಿದವರಿಗೆ ಗೊತ್ತಿರುವುದಿಲ್ಲ.

ಈ ವರ್ಷದ ಪುಸ್ತಕ ಖರೀದಿಯ ಪಟ್ಟಿಯನ್ನು ಆ ನೋಟ್‌ಬುಕ್ ನೋಡಿಯೇ ಸಿದ್ಧಪಡಿಸಿದ್ದೇವೆ. ಪತ್ತೇದಾರಿ ಕತೆಗಳು ಬೇಕೆಂದವರೇ ಹೆಚ್ಚು, ಅದಕ್ಕೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಿಕ್ಕಿದೆ. ದೆವ್ವದ ಕತೆಗಳ ಬಗ್ಗೆ ಇನ್ನೂ ಮಾತುಕತೆ ನಡೆಯುತ್ತಿದೆ.