ಹಳೇ ಏರ್‌ಪೋರ್ಟಿನ ಫೋಟೋಗಳು

ಮೇ 26, 2024, ಭಾನುವಾರ

ಬೆಂಗಳೂರಿನ ಪ್ರಯಾಣಿಕರ ವಿಮಾನಗಳು ಊರೊಳಗಿನ ಎಚ್‌ಎಎಲ್ ಏರ್‌ಪೋರ್ಟ್ ಬಿಟ್ಟು ದೇವನಹಳ್ಳಿಗೆ ಹೋಗಿ ಮೊನ್ನೆ ಶುಕ್ರವಾರಕ್ಕೆ 16 ವರ್ಷವಾಯಿತು. ಆ ನೆಪದಲ್ಲಿ ಇವತ್ತು ಮಧ್ಯಾಹ್ನವೆಲ್ಲ ಹಳೇ ಏರ್‌ಪೋರ್ಟಿನ ಫೋಟೋಗಳನ್ನು ನೋಡುತ್ತಾ ಕೂತೆ. ಕೆಲವು ಇಂಟರ್ನೆಟ್ಟಿನಲ್ಲಿ ಸಿಕ್ಕವು, ಕೆಲವು ನಮ್ಮ ಮನೆಯ ಆಲ್ಬಮ್ಮಿನವು.

ಎಲ್ಲಕ್ಕಿಂತ ಹಳೆಯವು ಎರಡನೇ ಮಹಾಯುದ್ಧದ ಕಾಲದವು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಶುರು ಮಾಡಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಯುದ್ಧ ಜೋರಾದಾಗ ಅಮೆರಿಕದ ಸೇನೆ ತನ್ನ ವಿಮಾನಗಳನ್ನು ಇಲ್ಲೇ ರಿಪೇರಿ ಮಾಡಿಸುತ್ತಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಎಲ್ಲಿ ಇಳಿಯುತ್ತಿದ್ದವು ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ! ನಮ್ಮ ಕಾಲದಲ್ಲಿ ನೊರೆ ಉಕ್ಕಿಸಿ, ಬೆಂಕಿ ಹತ್ತಿಕೊಂಡು ಸುದ್ದಿಯಾಯಿತಲ್ಲ, ಅದೇ ಕೆರೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ನಮ್ಮದೇ ವಿಮಾನಗಳ ಸಾಲು. ಎಚ್‌ಎಎಲ್‌ನ ಎಂಜಿನಿಯರ್ ಘಾಟಗೆಯವರು ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2, 1951. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರ ಯುದ್ಧವಿಮಾನ ಮಾರುತ್, 1961. ತೇಜಸ್ ಮೊದಲ ಸಲ ಹಾರಿದ್ದೂ ಇದೇ ರನ್‌ವೇಯಿಂದ, 2001ರ ಜನವರಿ 4ರಂದು.

ಈ ಚಿತ್ರಗಳಲ್ಲಿ ವಿಮಾನದ ಹೆಸರು, ಮಾದರಿ, ವರ್ಷ ಎಲ್ಲವೂ ಇರುತ್ತದೆ. ರೆಕ್ಕೆಯ ಕೆಳಗೆ ಸ್ಪಾನರ್ ಹಿಡಿದು ನಿಂತವರು ಯಾರು ಅಂತ ಮಾತ್ರ ಬರೆದಿರುವುದಿಲ್ಲ. ಅದೇ ನನ್ನನ್ನು ಕಾಡುವುದು. ಸುತ್ತಲಿನ ಹಳ್ಳಿಗಳಿಂದ ಸೈಕಲ್ ತುಳಿದು ಕೆಲಸಕ್ಕೆ ಬಂದ ಜನರ ಮುಖಗಳವು, ಅಲ್ವಾ?

ನಮ್ಮ ಆಲ್ಬಮ್ಮಿನಲ್ಲಿ ಇದರ ತದ್ವಿರುದ್ಧ. ವಿಮಾನವೇ ಕಾಣುವುದಿಲ್ಲ, ಬರೀ ಜನ. ದೊಡ್ಡಮಾವ ಅಮೆರಿಕಕ್ಕೆ ಹೊರಟ ದಿನದ ಫೋಟೋ ಅದು. ಆಗ ಇಲ್ಲಿಂದ ನೇರವಾಗಿ ಹೋಗುವಂತಿರಲಿಲ್ಲ, ಮೊದಲು ಬಾಂಬೆಗೆ ಹೋಗಬೇಕಿತ್ತು. ಆದರೂ ಬೀಳ್ಕೊಡುಗೆ ಮಾತ್ರ ಅಮೆರಿಕದ್ದೇ! ಕೊರಳಲ್ಲಿ ದಪ್ಪ ಹಾರ, ಹಣೆಗೆ ಕುಂಕುಮ. ಅಜ್ಜಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ, ಕೈಯಲ್ಲಿ ಚಟ್ನಿಪುಡಿಯ ಡಬ್ಬಿ. ಬ್ಯಾಗಿನಲ್ಲಿ ಜಾಗ ಇಲ್ಲ ಅಂತ ಮಾವ ಬೇಡವೆಂದರೂ ಅಜ್ಜಿ ಬಿಡಲಿಲ್ಲವಂತೆ. ಅಕ್ಕಪಕ್ಕದ ಮನೆಯವರೂ ಬಂದಿದ್ದಾರೆ. ಊರೊಳಗೇ ಏರ್‌ಪೋರ್ಟ್ ಇದ್ದದ್ದರಿಂದ ಅದೆಲ್ಲ ಆಗುತ್ತಿತ್ತು. ಬೀಳ್ಕೊಟ್ಟು ಊಟದ ಹೊತ್ತಿಗೆ ಮನೆಗೆ ವಾಪಸ್ ಬರಬಹುದಿತ್ತು. ಈಗ ದೇವನಹಳ್ಳಿಗೆ ಟ್ಯಾಕ್ಸಿ ಹತ್ತಿಸಿ ಗೇಟಿನಲ್ಲೇ ಕೈ ಬೀಸುತ್ತೇವೆ.

ನಾವಾಗ ಏರ್‌ಪೋರ್ಟ್ ಹತ್ತಿರದ ಕೋಡಿಹಳ್ಳಿಯಲ್ಲಿದ್ದೆವು. ವಿಮಾನ ಹೋಗುವಾಗ ಅಮ್ಮ ಮಾತು ನಿಲ್ಲಿಸಿ, ಸದ್ದು ದೂರವಾದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ನಮಗದು ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಗೆ ಬಂದ ನೆಂಟರು ಬೆಚ್ಚಿದಾಗಲೇ ಸದ್ದು ಕೇಳಿಸುತ್ತಿತ್ತು.

1990ರ ಫೆಬ್ರವರಿ 14ರ ಅಪಘಾತದ ಪತ್ರಿಕಾ ಚಿತ್ರಗಳನ್ನೂ ತೆರೆದೆ. ಬಾಂಬೆಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ಹೋದರು. ಅವರಿಗಾಗಿಯೂ ಆವತ್ತು ಯಾರೋ ಟರ್ಮಿನಲ್ಲಿನಲ್ಲಿ ಕಾಯುತ್ತಿದ್ದರು. ಜಾಸ್ತಿ ಹೊತ್ತು ನೋಡಲಾಗಲಿಲ್ಲ.

ಸಂಜೆ ಅಮ್ಮನನ್ನು ಕೂರಿಸಿಕೊಂಡು ನಮ್ಮ ಫೋಟೋಗಳ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದೆ. ಬಹಳಷ್ಟು ಜನರನ್ನು ಗುರುತಿಸಿದರು. ಹಾರ ಹಿಡಿದ ಹುಡುಗಿ ಯಾರೆಂದು ಅವರಿಗೂ ನೆನಪಾಗಲಿಲ್ಲ. ಜೀವನ್ ಬಿಮಾ ನಗರದ ಅತ್ತೆಗೆ ಗೊತ್ತಿರಬಹುದು. ಅವರ ಯಜಮಾನರು ಎಚ್‌ಎಎಲ್ ಕಾರ್ಖಾನೆಯಲ್ಲೇ ಇದ್ದವರು, ಅವರ ಮನೆಯಲ್ಲೂ ಒಂದು ಪೆಟ್ಟಿಗೆ ಫೋಟೋ ಇದೆಯಂತೆ. ಮುಂದಿನ ಭಾನುವಾರ ಬರುತ್ತೇನೆ ಅಂತ ಫೋನ್ ಮಾಡಿ ಹೇಳಿದ್ದೇನೆ.