ಕಲಬುರಗಿ ಬಿಸಿಲಿನಾಗ ಉಪ್ಪುನೀರಿನ ಮೀನು

"ಉಪ್ಪ ಹಾಕಿದ್ರ ಮೀನ ಸಾಯಂಗಿಲ್ಲೇನ್ರಿ?" ಹೊಸ ಟ್ಯಾಂಕು ನೋಡಲು ಬಂದವರು ಮೊದಲು ಕೇಳುವುದು ಇದನ್ನೇ. ಪ್ರಶ್ನೆಯೇನೂ ತಪ್ಪಲ್ಲ. ಇದೇ ಪಡಸಾಲೆಯಲ್ಲಿ ವರ್ಷಗಟ್ಟಲೆ ಗಪ್ಪಿ, ಮೊಲ್ಲಿ, ಏಂಜೆಲ್ ಎಂಬ ಸಿಹಿನೀರಿನ ಮೀನು ಸಾಕಿದವಳು ನಾನು. ಸಿಹಿನೀರಿನ ಮೀನಿನ ಮೈಯೊಳಗಿನ ಉಪ್ಪು ಹೊರಗಿನ ನೀರಿಗಿಂತ ಹೆಚ್ಚು. ಹಾಗಾಗಿ ನೀರು ತಾನಾಗಿಯೇ ಮೈಯೊಳಗೆ ಇಳಿಯುತ್ತಿರುತ್ತದೆ. ಅದು ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಒಳಗೆ ಬಂದದ್ದನ್ನು ಹಗಲೂ ರಾತ್ರಿ ಹೊರಗೆ ಹಾಕುವುದೇ ಕೆಲಸ. ಕಡಲ ಮೀನಿನದು ಉಲ್ಟಾ. ಸುತ್ತಲಿನ ಉಪ್ಪುನೀರು ಅದರ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕೆ ಅದು ಸದಾ ಕುಡಿಯುತ್ತಿರಬೇಕು, ಕುಡಿದ ಉಪ್ಪನ್ನು ಕಿವಿರಿನಿಂದ ಆಚೆ ತಳ್ಳುತ್ತಿರಬೇಕು. ನೀರಾಗ ಇದ್ದೂ ನೀರಡಿಕೆ. ಇದನ್ನು ನಮ್ಮ ಮಾವಾರಿಗೆ ಹೇಳಿದಾಗ, "ಹಂಗಾದ್ರ ಅದು ನಮ್ಮ ಕಲಬುರಗಿ ಮಂದಿ ಪೈಕಿನೇ ಬಿಡು ತಂಗಿ" ಅಂದರು.

ಹುಚ್ಚು ಹತ್ತಿದ್ದು ಸಿಕಂದರಾಬಾದಿನಲ್ಲಿ. ಸಂಬಂಧಿಕರ ಮದುವೆಗೆ ಹೋದಾಗ ಒಂದು ಮೀನಿನ ಅಂಗಡಿಗೆ ಕಾಲಿಟ್ಟೆ. ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟಿಯ ಕ್ಲೌನ್ ಫಿಶ್ ಜೋಡಿ ಗಾಜಿನ ಮೂಲೆಯಲ್ಲಿ ಓಲಾಡುತ್ತಾ ನಿಂತಿದ್ದವು. ಗಪ್ಪಿಯ ಹಾಗೆ ಓಡಾಟವಿಲ್ಲ, ಏಂಜೆಲ್‌ನ ಹಾಗೆ ಗತ್ತಿಲ್ಲ. ಸುಮ್ಮನೆ ನಿಂತಲ್ಲೇ ಮೈ ಕುಣಿಸುವುದು. ಊರಿಗೆ ಬಂದ ಮೇಲೂ ಅದೇ ಕಣ್ಣಮುಂದೆ.

ಯಾವ ಕಡಲಿಗೂ ನೂರಾರು ಕಿಲೋಮೀಟರ್ ದೂರದ ಊರಿದು. ಆದರೆ ಕಡಲು ದೂರ ಇರುವುದು ಅಡ್ಡಿಯೇ ಅಲ್ಲ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. ಉಪ್ಪು ಚೀಲದಲ್ಲಿ ಸಿಗುತ್ತದೆ. ತೊಂದರೆ ಕೊಡುವುದು ಸಿಹಿನೀರು.

ನಮ್ಮ ನಳಕ್ಕೆ ಬರುವುದು ಭೀಮಾ, ಬೆಣ್ಣೆತೊರೆಯ ನೀರು. ಅದು ಬಾರದ ದಿನ ಬೋರು. ಗಪ್ಪಿ, ಮೊಲ್ಲಿಗಳಿಗೆ ಗಡಸು ನೀರೇ ಹಿತ, ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟಿನಲ್ಲಿಟ್ಟು ಹಾಕಿದರೆ ಮುಗಿಯಿತು. ಕಡಲಿನ ಟ್ಯಾಂಕಿಗೆ ಅದು ನಡೆಯದು. ಬೋರಿನ ನೀರಲ್ಲಿ ಕರಗಿದ ನೈಟ್ರೇಟು, ಫಾಸ್ಫೇಟು, ಸಿಲಿಕೇಟು ಎಲ್ಲ ಪಾಚಿಗೆ ಗೊಬ್ಬರ. ತಾಮ್ರದ ಅಂಶ ಇದ್ದರಂತೂ ಸೀಗಡಿಯಂಥ ಜೀವಿಗಳು ಉಳಿಯುವುದಿಲ್ಲ. ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಓಣಿಯ ಬೋರಿನದು ನಾಲ್ಕಂಕಿ, ಮನೆಮನೆಗೆ ಬರುವ ಫಿಲ್ಟರ್ ಕ್ಯಾನಿನದು ಎರಡಂಕಿ. ಬೇಕಾದದ್ದು ಸೊನ್ನೆ. ಆರ್‌ಒ ಯಂತ್ರದ ಹಿಂದೆ ಇನ್ನೊಂದು ರಾಳದ ಕೊಳವೆ ಜೋಡಿಸಿ ಅದನ್ನು ಸೊನ್ನೆಗೆ ಇಳಿಸಿದ್ದಾಯಿತು. ಆರ್‌ಒ ಹೊರಗೆ ಬಿಡುವ ನೀರನ್ನು ಅತ್ತೆಯವರು ಒಂದು ಹನಿಯೂ ಚರಂಡಿಗೆ ಹೋಗಲು ಬಿಡಲಿಲ್ಲ. ನೆಲ ಒರೆಸಲು, ಅಂಗಳ ತೊಳೆಯಲು, ಕಕ್ಕಸಕ್ಕೆ. ನಾಲ್ಕು ದಿನಕ್ಕೊಮ್ಮೆ ನಳ ಬರುವುದನ್ನು ಕಂಡ ಹೆಣ್ಣುಮಗಳು ಆಕೆ.

ಇನ್ನು ಉಪ್ಪು. ಅಡುಗೆಯ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನ ಲೀಟರಿನಲ್ಲಿ ಅದಲ್ಲದೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ರ ಆಸುಪಾಸು ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ ಇರುತ್ತದೆ. ಅದಕ್ಕೇ ಮರೈನ್ ಸಾಲ್ಟ್ ಬೇರೆ. ಅದರ ರೇಟು ಕೇಳಿ ಪಕ್ಕದ ಮನೆಯ ಕಾಕಾ, "ಉಪ್ಪಿಗಿ ಇಷ್ಟ್ ರೊಕ್ಕ ಕೊಡ್ತೀರೇನು?" ಎಂದು ತಲೆ ಮೇಲೆ ಕೈ ಹೊತ್ತರು.

ನನ್ನ ಟ್ಯಾಂಕು ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು ಕೂರಿಸಿ, ಮೇಲೆ ಸ್ವಲ್ಪ ಬಿಟ್ಟು ತುಂಬಿದರೆ 170 ಲೀಟರ್. ಲೀಟರಿಗೆ 35 ಗ್ರಾಂ ಚಿಲ್ಲರೆ ಲೆಕ್ಕದಲ್ಲಿ ಆರು ಕೆಜಿಗೂ ಮೇಲೆ ಉಪ್ಪು. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪ ಉಪ್ಪು. ಹಿಂದುಮುಂದಾದರೆ ಕ್ಯಾಲ್ಸಿಯಂ ತಳದಲ್ಲಿ ಬಿಳಿ ಗಸಿಯಾಗಿ ಕೂತುಬಿಡುತ್ತದೆ. ಮಜ್ಜಿಗೆ ಬಣ್ಣದಲ್ಲಿದ್ದ ನೀರು ರಾತ್ರಿಯೆಲ್ಲ ಪಂಪಿನಲ್ಲಿ ತಿರುಗಿ ಮುಂಜಾನೆ ತಿಳಿಯಾಗಿತ್ತು. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ 35ರ ಗುರುತಿಗೆ ಸರಿಯಾಗಿ, ಅಂದರೆ ಸಾಂದ್ರತೆ 1.026ರ ಹತ್ತಿರ ನಿಂತಿರಬೇಕು. ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಳತೆ ನೋಡುವುದು ಹೊಸದಲ್ಲ. ಆದರೂ ಆ ಗೆರೆ ನೋಡುವಾಗ ಉಸಿರು ಬಿಗಿ ಹಿಡಿದಿದ್ದೆ.

ಕಲ್ಲಿನ ವಿಷಯಕ್ಕೆ ಮಾವಾರು ಬಂದರು. ಅವರು ಶಹಾಬಾದಿನವರು, ಹರೆಯವೆಲ್ಲ ಫರ್ಸಿ ಖಣಿಯಲ್ಲಿ ಕಳೆದವರು. "ಹೈದರಾಬಾದಿಂದ ಕಲ್ಲು ತರ್ತಾಳಂತ, ಶಹಾಬಾದ ಮನಿ ಸೊಸಿ!" ಎಂದು ಅವರ ಆಕ್ಷೇಪಣೆ. ಅವರ ಮಾತಿನಲ್ಲಿ ಹುರುಳಿತ್ತು. ನಮ್ಮ ಫರ್ಸಿ ಸುಣ್ಣದ ಕಲ್ಲು, ಕಡಲ ಹವಳದ ಬಂಡೆಯೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ, ಸೇಡಂ, ವಾಡಿ ಕಡೆಯ ಈ ಕಲ್ಲೆಲ್ಲ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲ ತಳದಲ್ಲಿ ಪದರಪದರವಾಗಿ ಕೂತದ್ದು. ಮೀನು ಎಂಬ ಜೀವ ಹುಟ್ಟುವುದಕ್ಕೂ ಮುಂಚಿನ ಕಡಲು ಅದು. ಮನೆಯಲ್ಲಿ ಮಿಕ್ಕಿದ್ದ ತುಂಡಿನ ಮೇಲೆ ಒಂದು ಹನಿ ಆಸಿಡ್ ಬಿಟ್ಟು ತೋರಿಸಿದೆ, ಚುರ್ ಎಂದು ನೊರೆ ಎದ್ದಿತು. ಮಾವಾರು ನನ್ನನ್ನೇ ಕನಿಕರದಿಂದ ನೋಡಿ ಅಡುಗೆಮನೆಯ ಕಡೆ ಬೆರಳು ಮಾಡಿದರು. ಅತ್ತೆ ನಿಂಬೆಹಣ್ಣು ಹಿಂಡುವ ಜಾಗದಲ್ಲಿ ನೆಲದ ಫರ್ಸಿ ಹೊಳಪು ಕಳೆದುಕೊಂಡು ಬೆಳ್ಳಗಾಗಿದೆ, ನಲವತ್ತು ವರ್ಷದಿಂದ. "ಹುಳಿ ಬಿದ್ರ ಫರ್ಸಿ ತಿಂತದ, ಇದಕ್ಕ ಕಾಲೇಜ ಬೇಕೇನವಾ?"

ಆದರೂ ಫರ್ಸಿಯನ್ನು ಟ್ಯಾಂಕಿನ ಒಳಗೆ ಹಾಕಲಿಲ್ಲ. ಅದು ಗಟ್ಟಿ ಕಲ್ಲು, ರಂಧ್ರವಿಲ್ಲ. ನನಗೆ ಬೇಕಿದ್ದದ್ದು ಒಳಗೆಲ್ಲ ತೂತು ಇರುವ ಬಂಡೆ, ಏಕೆಂದರೆ ಟ್ಯಾಂಕು ಶುದ್ಧ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡುವುದು ಆ ತೂತುಗಳಲ್ಲಿ. ಇನ್ನೂರು ಕೆಜಿ ದಾಟುವ ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ಎರಡಿಂಚಿನ ಫರ್ಸಿ ಚಪ್ಪಡಿ ಹಾಸಿದೆವು. ಅದನ್ನು ಮಟ್ಟಗೋಲಿಟ್ಟು ಕೂರಿಸಿದವರು ಮಾವಾರೇ. ಇವತ್ತಿಗೂ ನೀರು ಒಂದು ಕೂದಲೆಳೆ ವಾಲಿಲ್ಲ.

ಮುಂದಿನ ಒಂದೂವರೆ ತಿಂಗಳು ಕಲ್ಲು ಮತ್ತು ನೀರು ಮಾತ್ರ. ಬಂದವರೆಲ್ಲ "ಮೀನ ಎಲ್ಲವ?" ಎಂದು ಗಾಜಿಗೆ ಮೂಗು ಹಚ್ಚುವುದು, ನಾನು "ಬರ್ತಾವ, ಬರ್ತಾವ" ಅನ್ನುವುದು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಸಿಹಿನೀರಿನಲ್ಲೂ ಹೀಗೇ. ಆದರೆ ಅಲ್ಲಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7ರ ಹತ್ತಿರವಿದ್ದರೆ ಅಮೋನಿಯಾದ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಕಡಲ ನೀರಿನ ಪಿಎಚ್ 8.2, ಅಲ್ಲಿ ಅದು ಏಳೆಂಟು ಪಾಲು. ಗಪ್ಪಿ ತಡೆದುಕೊಳ್ಳುವಷ್ಟು ಕೊಳೆಯಲ್ಲಿ ಕ್ಲೌನ್ ಬದುಕುವುದಿಲ್ಲ. ಹಾಗಾಗಿ ಮೀನಿಲ್ಲದೆಯೇ ಅಮೋನಿಯಂ ಕ್ಲೋರೈಡ್ ಹನಿಹನಿ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದು. ಪರೀಕ್ಷೆಯ ಕೊಳವೆಯಲ್ಲಿ ಹಸಿರು ಬಣ್ಣ ಹಳದಿಗೆ ತಿರುಗಿದಾಗ ಅಮೋನಿಯಾ ಸೊನ್ನೆ. ಅಷ್ಟರಲ್ಲಿ ಕಲ್ಲಿನ ಮೇಲೆಲ್ಲ ಕಂದು ಧೂಳು ಹರಡಿ, ಟ್ಯಾಂಕು ಕೆಟ್ಟೇಹೋಯಿತೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ತಿಂದು ಮುಗಿಸಿ ತಾನೇ ಹೋಗುತ್ತದೆ. ಹೋಯಿತು ಕೂಡ.

ಮೀನು ತರಲು ಚಳಿಗಾಲವನ್ನೇ ಆರಿಸಿಕೊಂಡಿದ್ದೆ. ಬೇಸಿಗೆಯಲ್ಲಿ ತಾಂಡೂರು ದಾಟುವಷ್ಟರಲ್ಲಿ ಡಬ್ಬಿ ಕಾವಲಿಯಾಗುತ್ತದೆ. ಸಿಕಂದರಾಬಾದಿನ ಅಂಗಡಿಯವನಿಗೆ ಮೊದಲೇ ಫೋನ್ ಮಾಡಿ ಎರಡು ಕೇಳಿದ್ದೆ: ಮೀನು ಹ್ಯಾಚರಿಯದೋ ಕಡಲಲ್ಲಿ ಹಿಡಿದದ್ದೋ, ನಿಮ್ಮ ನೀರಿನ ಸಾಂದ್ರತೆ ಎಷ್ಟು. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ರೂಢಿಗೆ ತಂದಿದೆ, ಕಡಲಿಗೆ ಬಲೆ ಹಾಕಬೇಕಾದ ಗರಜಿಲ್ಲ. ಹ್ಯಾಚರಿಯದು ಎಂದ. ಸಾಂದ್ರತೆ 1.020 ಎಂದ. ಅಂಗಡಿಗಳು ಉಪ್ಪು ಉಳಿಸಲು, ರೋಗ ತಗ್ಗಿಸಲು ಹೀಗೆ ತೆಳ್ಳಗೆ ಇಡುವುದುಂಟು. ಹಾಗಾಗಿ ಮನೆಯಲ್ಲಿ ಬೇರೆ ಒಂದು ಸಣ್ಣ ತೊಟ್ಟಿಯಲ್ಲಿ 1.020ರ ನೀರನ್ನೇ ಕಾಯಿಸಿಟ್ಟು ಹೋಗಿದ್ದೆ.

ಅಂಗಡಿಯವನು ಜೊತೆಗೆ ಹವಳದ ತುಂಡನ್ನೂ ಗಂಟು ಹಾಕಲು ನೋಡಿದ. "ಲೇ ಜಾವ್ ಮೇಡಂ, ಕೋಯಿ ನಹೀ ಪೂಛ್ತಾ." ಗಟ್ಟಿ ಹವಳ, ಕಡಲಕುದುರೆ ಇವೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿವೆ, ಹುಲಿಯ ಸಾಲಿಗೆ. ಯಾರೂ ಕೇಳುವುದಿಲ್ಲವೆಂದು ಹುಲಿಮರಿ ತಂದು ಪಡಸಾಲೆಯಲ್ಲಿ ಕಟ್ಟುತ್ತೇವೆಯೇ? ಬೇಡ ಅಂದೆ.

ರೈಲಿನಲ್ಲಿ ಥರ್ಮಾಕೋಲ್ ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ವಿಕಾರಾಬಾದಿನಲ್ಲಿ ಹತ್ತಿದ ಅಜ್ಜಿ ಐಸ್ ಕ್ರೀಮೇನವಾ ಎಂದು ಕೇಳಿದಳು. ಮುಚ್ಚಳ ಎತ್ತಿ ತೋರಿಸಿದೆ. ಚೀಲದೊಳಗೆ ಎರಡು ಬೆರಳಿನಷ್ಟು ಉದ್ದದ ಜೋಡಿ, ಒಂದು ತುಸು ದೊಡ್ಡದು. ಈ ಮೀನು ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ಮೇಲುಗೈಯಾದದ್ದು ಹೆಣ್ಣಾಗುತ್ತದೆ, ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಹೇಳಿದೆ. ಅಜ್ಜಿ ಬಾಯಿಗೆ ಸೆರಗು ಹಚ್ಚಿ ನಕ್ಕು, ವಾಡಿ ಬರುವವರೆಗೂ ಬಂದವರಿಗೆಲ್ಲ ತಾನೇ ಆ ಕಥೆ ಹೇಳಿದಳು.

ಮನೆಗೆ ಬಂದ ಮೇಲೆ ಚೀಲವನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು ಬಿಸಿ ಸಮ ಮಾಡಿ, ಕತ್ತರಿಸಿ, ಮೀನನ್ನಷ್ಟೇ ಬಿಟ್ಟೆ. ಚೀಲದ ನೀರು ಹಾಕಲಿಲ್ಲ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಸುಮ್ಮನಿರುತ್ತದೆ. ಬಾಯಿ ಬಿಚ್ಚಿದ ಕೂಡಲೆ ಆ ಗಾಳಿ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಮೇಲೆ ತಡ ಮಾಡಬಾರದು. ಆಮೇಲೆ ತೊಟ್ಟಿಯ ಉಪ್ಪನ್ನು ದಿನಕ್ಕಿಷ್ಟು ಏರಿಸಿ, ಮೈಮೇಲೆ ಚುಕ್ಕೆ ಗಿಕ್ಕೆ ಇಲ್ಲವೆಂದು ವಾರಗಟ್ಟಲೆ ಕಾದು, ದೊಡ್ಡ ಟ್ಯಾಂಕಿಗೆ ಬಿಟ್ಟೆ. ಅಲ್ಲೂ ಒಂದು ಮೂಲೆ ಹಿಡಿದು ಕುಣಿಯತೊಡಗಿದವು.

ನಿಜವಾದ ಪರೀಕ್ಷೆ ಅಪ್ಪನ ಜಾತ್ರೆ ಮುಗಿದ ಮೇಲೆ. ಶರಣಬಸವೇಶ್ವರರ ತೇರು ಎಳೆದಾದ ಮೇಲೆ ಇಲ್ಲಿ ಬಿಸಿಲಿಗೆ ಹೇಳುವವರು ಕೇಳುವವರು ಇಲ್ಲ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ; ಟ್ಯಾಂಕು 26, 27 ದಾಟಬಾರದು. ಬೆಚ್ಚಗಿನ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ, ಉಪ್ಪು ಬೆರೆತರೆ ಇನ್ನೂ ಐದನೇ ಒಂದು ಪಾಲು ಕಡಿಮೆ. ಕರೆಂಟ್ ಹೋದರೆ ಪಂಪು ನಿಂತು ಅದೂ ಇಲ್ಲ. ಅದಕ್ಕೆ ಬ್ಯಾಟರಿಯ ಏರ್ ಪಂಪ್ ಸದಾ ಕೈಯಳತೆಯಲ್ಲಿದೆ. ಚಿಲ್ಲರ್ ಕೊಳ್ಳುವ ತಾಕತ್ತು ನನಗಿಲ್ಲ. ನೀರಿನ ಮೇಲೆ ಸಣ್ಣ ಫ್ಯಾನು ಕಟ್ಟಿದೆ. ನಮ್ಮ ಒಣಗಾಳಿಗೆ ಅದು ಮೂರು ಡಿಗ್ರಿ ಸಲೀಸಾಗಿ ಇಳಿಸುತ್ತದೆ. ಕರಾವಳಿಯವರಿಗೆ ಈ ಭಾಗ್ಯವಿಲ್ಲ, ಅಲ್ಲಿನ ಗಾಳಿಯೇ ಹಸಿ. ಕೂಲರ್ ಹಚ್ಚಿದ ಖೋಲಿಯಲ್ಲಿ ಮಾತ್ರ ಕಿಟಕಿ ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ನಮ್ಮ ಗಾಳಿಯೂ ಹಸಿಯಾಗುತ್ತದೆ.

ಆದರೆ ಫ್ಯಾನು ನೀರು ಕುಡಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ನಾಲ್ಕು ಲೀಟರ್ ಹೋಯಿತೆಂದು ಲೆಕ್ಕ, ಮೇ ತಿಂಗಳಲ್ಲಿ ಅಷ್ಟು ದಿನಾ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ. ವಾರ ಕಣ್ಣುಮುಚ್ಚಿ ಕೂತರೆ 35 ಇದ್ದದ್ದು 42ರ ಹತ್ತಿರ ಹೋಗುತ್ತದೆ. ನಾನು ಕಾಲೇಜಿಗೆ ಹೋದಾಗ ನೀರು ತುಂಬುವ ಹೊಣೆ ಮಾವಾರದು. ಗಾಜಿಗೆ ಟೇಪಿನ ಗೆರೆ ಅಂಟಿಸಿ, ಇಲ್ಲಿಯತನಕ ನಮ್ಮ ಆರ್‌ಒ ಯಂತ್ರದ ಸಿಹಿನೀರು ಹಾಕ್ರಿ ಎಂದೆ. "ಉಪ್ಪುನೀರಿನ ಮೀನಿಗಿ ಸಿಹಿನೀರು ಹಾಕ ಅಂತಿ?" ಅವರಿಗೆ ನಂಬಿಕೆ ಬರಲಿಲ್ಲ. ಕೂಲರಿನ ಹುಲ್ಲು ತೆಗೆದು ತೋರಿಸಿದೆ. ಒಂದೇ ಬೇಸಿಗೆಗೆ ಅದರ ತುಂಬ ಬೆಳ್ಳಗೆ ಗಾರೆ ಹಿಡಿದಿತ್ತು, ಮುರಿದರೆ ಕಟಕಟ ಅನ್ನುವಂತೆ. ನೀರು ಹಾರಿ ಹೋಗಿ ಬಿಟ್ಟದ್ದು ಇದು. ಅವರು ಒಂದು ಚೂರು ಮುರಿದು ಉಗುರಿನಿಂದ ಕೆರೆದು, "ಸುಣ್ಣ" ಅಂದರು. ಅಂದಿನಿಂದ ಟೇಪಿನ ಗೆರೆ ಅವರದೇ. ಮೊಮ್ಮಕ್ಕಳು ಹತ್ತಿರ ಸುಳಿಯುವಂತಿಲ್ಲ.

ಈಗ ಮನೆಯಲ್ಲಿ ಉಳಿದಿರುವ ತಕರಾರು ಒಂದೇ, ಅದು ಫ್ರಿಜ್ಜಿನದು. ಕ್ಲೌನ್‌ಗಳಿಗೆ ಒಣ ಕಾಳಿನ ಜೊತೆ ಆಗೀಗ ಹೆಪ್ಪುಗಟ್ಟಿಸಿದ ಆರ್ಟೀಮಿಯಾ ಕೊಟ್ಟರೆ ಒಳ್ಳೆಯದು. ಸಣ್ಣ ಸೀಗಡಿಯ ಜಾತಿ ಅದು. ಲಿಂಗ ಪೂಜೆಯ ಮನೆ, ಮೊಸರು, ಹಾಲು ಇಡುವ ಫ್ರಿಜ್ಜು. ಅತ್ತೆ ಸಾಫ್ ಹೇಳಿಬಿಟ್ಟರು. ಬೇರೆ ಸಣ್ಣ ಫ್ರಿಜ್ಜಿಗೆ ರೊಕ್ಕ ಇಲ್ಲ. ಸದ್ಯಕ್ಕೆ ಒಣ ಕಾಳಿನಲ್ಲೇ ನಡೆದಿದೆ. ಮಳೆ ಹಿಡಿದು ರೈಲಿನ ಕಾವು ಇಳಿದ ಮೇಲೆ ಮೀನಿನ ಮೈ ಸ್ವಚ್ಛ ಮಾಡುವ ಕ್ಲೀನರ್ ಸೀಗಡಿ ಒಂದನ್ನು ತರಬೇಕೆಂದಿದ್ದೇನೆ. ಅದಕ್ಕೆ ಒಪ್ಪುತ್ತೀರಾ ಎಂದು ಅಂಜುತ್ತಲೇ ಕೇಳಿದೆ.

"ಜೀವಂತ ಇದ್ರ ಹತ್ತು ತಾ," ಅಂದರು ಅತ್ತೆ, ಜೋಳದ ಹಿಟ್ಟು ನಾದುತ್ತಾ. "ಸತ್ತದ್ದು ಒಂದೂ ಬ್ಯಾಡ."