ಒಂದೇ ಗಂಟಲು, ಎಷ್ಟೊಂದು ದನಿ

ಮಕ್ಕಳ ಜೊತೆ ಕೂತು ಬಗ್ಸ್ ಬನ್ನಿ ಕಾರ್ಟೂನ್ ನೋಡಿದೆ. ಆ ಮೊಲ, ತೊದಲೋ ಪೋರ್ಕಿ ಹಂದಿ, ಉಗುಳು ಸಿಡಿಸುತ್ತಾ ಮಾತಾಡೋ ಡ್ಯಾಫಿ ಬಾತು, ಎಲ್ಲಕ್ಕೂ ದಶಕಗಟ್ಟಲೆ ದನಿ ಕೊಟ್ಟವರು ಒಬ್ಬರೇ: ಅಮೆರಿಕದ ಮೆಲ್ ಬ್ಲಾಂಕ್ (1908–1989). ಟ್ವೀಟಿ ಹಕ್ಕಿಯೂ ಅವರೇ, ಅದನ್ನು ತಿನ್ನೋಕೆ ಹೊಂಚು ಹಾಕೋ ಬೆಕ್ಕೂ ಅವರೇ!

1961ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅವರ ಕಾರು ಅಪಘಾತವಾಯ್ತು. ಪ್ರಜ್ಞೆ ತಪ್ಪಿ ದಿನಗಟ್ಟಲೆ ಮಲಗಿದ್ದರು, ಹೆಸರು ಹಿಡಿದು ಕರೆದರೂ ಉತ್ತರವಿಲ್ಲ. ಕೊನೆಗೊಬ್ಬ ಡಾಕ್ಟರು, ಹೇಗಿದ್ದೀಯ ಬಗ್ಸ್ ಬನ್ನಿ ಅಂತ ಕೇಳಿದರಂತೆ. ಮೊಲದ ದನಿಯಲ್ಲೇ ಉತ್ತರ ಬಂತು! ಓದಿ ಮೈ ಜುಮ್ಮೆಂದಿತು. ಆಮೇಲೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಲ್ಲಿಗೇ ಮೈಕ್ ತರಿಸಿ, 'ಫ್ಲಿಂಟ್‌ಸ್ಟೋನ್ಸ್' ಅನ್ನೋ ಕಾರ್ಟೂನ್ ಧಾರಾವಾಹಿಯ ಬಾರ್ನಿ ಪಾತ್ರಕ್ಕೆ ದನಿ ಕೊಟ್ಟರು.

ನಮ್ಮ ದಾವಣಗೆರೆ ಕಂಪನಿ ನಾಟಕ ನೋಡಿ ಬೆಳೆದ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕಡೇ ಸಾಲಿನವರೆಗೂ ಮಾತು ಮುಟ್ಟಿಸೋ ಗಂಟಲಿನ ಬೆಲೆ ಇಲ್ಲಿನವರಿಗೆ ಗೊತ್ತು. ಆದರೆ ಮುಖವನ್ನೇ ತೋರಿಸದೆ ದುಡಿಯೋ ಡಬ್ಬಿಂಗ್ ಕಲಾವಿದರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪರದೆ ಮೇಲೆ ಹೆಸರುಗಳು ಬರೋ ಹೊತ್ತಿಗೆ ಚಾನೆಲ್ ಬದಲಾಗಿರುತ್ತೆ. ಇದು ನನಗೆ ನಿಜಕ್ಕೂ ಬೇಜಾರು.

ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಮಿಮಿಕ್ರಿ ಮಾಡೋ ಹುಡುಗ ಹುಡುಗಿಯರೇ, ಬಿಡುವಾದಾಗ ಮೆಲ್ ಬ್ಲಾಂಕ್ ಸಂದರ್ಶನಗಳನ್ನು ಹುಡುಕಿ ನೋಡಿ. ಕಣ್ಣು ಮುಚ್ಚಿಕೊಂಡೂ ಒಮ್ಮೆ ಕೇಳಿ.